ಹೋದರು ಅಂದರೆ ಎಲ್ಲಿಗೆ?

ನನಗೊಂದು ಕೆಟ್ಟ ಚಾಳಿ ಇದೆ. ಯಾರಾದರೂ ಮುಖ ಸಪ್ಪಗೆ ಮಾಡಿಕೊಂಡು ಬಂದು 'ನಮ್ಮ ದೊಡ್ಡಪ್ಪ ಹೋದರು' ಅಂದರೆ, ನನ್ನ ಬಾಯಿ ನನ್ನನ್ನು ಒಂದು ಮಾತೂ ಕೇಳದೆ 'ಎಲ್ಲಿಗೆ?' ಅಂದುಬಿಡುತ್ತದೆ.

ಹೋದ ತಿಂಗಳು ಇದೇ ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಹಾಗಾಯಿತು. ಎದುರುಮನೆಯ ನಂಜುಂಡ ರೇಷ್ಮೆ ಸೀರೆ ನೇಯುವವನು, ಬಲು ಸಾಧು. ಬೆಳಿಗ್ಗೆ ನಾನು ಜಗಲಿಯಲ್ಲಿ ಪೇಪರು ಹಿಡಿದು ಕೂತಿದ್ದಾಗ ಬಂದು ಕಂಬಕ್ಕೆ ಒರಗಿ ನಿಂತ.

"ಸಾ, ನಮ್ಮಾವ ಓಗ್ಬುಟ್ರು."

"ಎಲ್ಲಿಗೆ?"

ಅವನು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದ. ಆಮೇಲೆ ಮೆಲ್ಲಗೆ ಬೆರಳೆತ್ತಿ ಮೇಲಕ್ಕೆ ತೋರಿಸಿದ. ನಾನು ಕತ್ತೆತ್ತಿ ನೋಡಿದೆ. ಅಲ್ಲಿ ನಮ್ಮ ಮನೆಯ ಸೂರು, ಅದರಲ್ಲೊಂದು ಜೇಡರ ಬಲೆ.

"ಶಿವನ ಪಾದ ಸೇರ್ಕಂಡ್ರು ಸಾ."

"ಅಂದರೆ ಸತ್ತರು ತಾನೇ?"

ನಂಜುಂಡ ಟವೆಲು ಬಾಯಿಗಿಟ್ಟುಕೊಂಡ. ಒಳಗಿನಿಂದ ನನ್ನ ಹೆಂಡತಿ ಸೌಟು ಹಿಡಿದುಕೊಂಡೇ ಓಡಿಬಂದಳು. "ನಿಮಗೇನು ಬಂದಿದೆ ಅಂತೀನಿ! ಅಳ್ತಾ ಬಂದಿರೋನನ್ನ ಪೊಲೀಸಿನೋರ ಹಂಗೆ ವಿಚಾರಣೆ ಮಾಡ್ತೀರಲ್ಲ. ಅಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದ ಬಾಯೇನ್ರಿ ಇದು?"

ಅವಳು ಹೇಳಿದ್ದು ಸರಿ. ನಾನು ನಂಜುಂಡನ ಹೆಗಲ ಮೇಲೆ ಕೈಯಿಟ್ಟು ತಪ್ಪಾಯಿತು ಅಂದೆ, ಅವನ ಜೊತೆ ಮಣ್ಣಿಗೂ ಹೋಗಿ ಬಂದೆ. ಆದರೆ ಈ ಚಾಳಿ ಹುಟ್ಟಿನಿಂದ ಬಂದದ್ದಲ್ಲ. ಅದಕ್ಕೊಂದು ಕಾರಣವಿದೆ, ಕಾರಣಕ್ಕೊಂದು ಇಡ್ಲಿ ಹೋಟೆಲಿದೆ, ಹೋಟೆಲಿಗೊಬ್ಬಳು ಯಜಮಾನಿ ಇದ್ದಾಳೆ. ಅಲ್ಲಿಗೆ ಹೋಗುವ ಮೊದಲು ನಮ್ಮ ಮನೆಯ ಸಮಾಚಾರ ಒಂಚೂರು ಹೇಳಬೇಕು, ಕೇಳಿ.

ನಮ್ಮದು ಯಳಂದೂರು ಪಕ್ಕದ ಹೊನ್ನೂರು. ನಮ್ಮ ಮನೆಯಲ್ಲಿ ಸಾಯುವುದಕ್ಕೆ ಯಾರಿಗೂ ಅನುಮತಿ ಇರಲಿಲ್ಲ. ನಮ್ಮ ಅಜ್ಜಿ ಅಷ್ಟು ಕಟ್ಟುನಿಟ್ಟು. ಹಿತ್ತಲಿನ ಕರು ಸತ್ತರೆ 'ಬಿದ್ದೋಯ್ತು', ಮನುಷ್ಯರು ಸತ್ತರೆ 'ತೀರ್ಕಂಡ್ರು', ನೆಂಟರಲ್ಲಿ ದೊಡ್ಡವರು ಯಾರಾದರೂ ಆದರೆ 'ಲಿಂಗೈಕ್ಯರಾದ್ರು'. ಸಾವಿನ ಮಾತಷ್ಟೇ ಅಲ್ಲ, ಅದರ ವಾಸನೆ ಬರುವ ಯಾವ ಮಾತೂ ಅವಳ ಹೊಸ್ತಿಲು ದಾಟುವ ಹಾಗಿರಲಿಲ್ಲ. ಬಳೆ ಒಡೆಯುವುದಿಲ್ಲ, 'ಎಚ್ಕತದೆ', ಅಂದರೆ ಹೆಚ್ಚಿಕೊಳ್ಳುತ್ತದೆ. ಮಡಕೆಯಲ್ಲಿ ಅಕ್ಕಿ ಮುಗಿಯುವುದಿಲ್ಲ, 'ತುಂಬ್ಕತದೆ'. ಯಾರೂ ಹೊರಡುವಾಗ ಹೋಗ್ತೀನಿ ಅನ್ನಬಾರದು, 'ಬತ್ತೀನಿ' ಅನ್ನಬೇಕು. ದೀಪ ಆರಿಸು ಅಂದರಂತೂ ಮುಗಿದೇಹೋಯಿತು. 'ದೀಪ ದೊಡ್ಡದು ಮಾಡು' ಅನ್ನಬೇಕು.

ನಾನು ಐದು ವರ್ಷದವನಿದ್ದಾಗ ಒಂದು ಸಂಜೆ ಅಜ್ಜಿ ಹಾಗೇ ಹೇಳಿದಳು. "ಲಾಟೀನು ದೊಡ್ಡದು ಮಾಡ್ಬುಟ್ಟು ಬಾ ಮಗಾ." ನಾನು ವಿಧೇಯ ಮೊಮ್ಮಗ. ತಿರುಪು ಹಿಡಿದು ಬತ್ತಿಯನ್ನು ಎಷ್ಟು ಮೇಲಕ್ಕೆ ಬರುತ್ತದೋ ಅಷ್ಟೂ ಮೇಲಕ್ಕೆ ಎತ್ತಿದೆ. ಹೊಗೆ ಎದ್ದು ಗಾಜು ಕಪ್ಪಾಗಿ ಚಟ್ಟಂತ ಸಿಡಿಯಿತು. ಅಜ್ಜಿ ಆಗಲೂ ಒಡೆಯಿತು ಅನ್ನಲಿಲ್ಲ. "ಗಾಜು ಎಚ್ಕಂತಲ್ಲೋ ಮುಂಡೇದೆ" ಅಂದು ನನ್ನ ಬೆನ್ನಿಗೆ ಎರಡು ಕೊಟ್ಟಳು.

ನಾನು ಹುಟ್ಟಾ ಅಂಥವನು. ಹೇಳಿದ ಮಾತನ್ನು ಹೇಳಿದ ಹಾಗೇ ನಂಬುವವನು. ತಾತ ಲಿಂಗೈಕ್ಯರಾದರು ಅಂದಾಗ, ಲಿಂಗೈಕ್ಯ ಅನ್ನುವುದು ಒಂದು ಊರು ಅಂತ ತಿಳಿದಿದ್ದೆ. ಯಳಂದೂರಿನಿಂದಾಚೆ, ಸಂತೇಮರಹಳ್ಳಿಗೂ ಆಚೆ ಎಲ್ಲೋ ಇರಬೇಕು ಅಂತ ನನ್ನ ಅಂದಾಜು. ಒಂದು ದಿನ ಯಳಂದೂರಿನಲ್ಲಿ ಅಪ್ಪನ ಜೊತೆ ನಿಂತಿದ್ದಾಗ ಕಂಡಕ್ಟರನ್ನು ಕೇಳಿಯೇಬಿಟ್ಟೆ. "ಲಿಂಗೈಕ್ಯಕ್ಕೆ ಬಸ್ಸು ಯಾವಾಗ?" ಅವನು ಬಗ್ಗಿ ನನ್ನ ಕೆನ್ನೆ ತಟ್ಟಿ, "ಅದು ತಾನಾಗೇ ಬತ್ತದೆ ಮಗಾ, ಅವಸರ ಮಾಡ್ಬ್ಯಾಡ" ಅಂದ. ಅಪ್ಪ ನಗುತ್ತಿದ್ದವರು ಥಟ್ಟನೆ ಮುಖ ಆಚೆ ತಿರುಗಿಸಿಕೊಂಡರು. ತಾತ ಹೋಗಿ ಆಗಿನ್ನೂ ಒಂದು ತಿಂಗಳಾಗಿರಲಿಲ್ಲ.

ದೊಡ್ಡವನಾದ ಮೇಲೆ ಗೊತ್ತಾಯಿತು, ಈ ಮಾತುಗಳಿಗೂ ಮೇಲು ಕೀಳು ಇದೆ. ನಮ್ಮೂರಿನಲ್ಲಿ ಬಲು ಜೋರಿನ ಜಮೀನುದಾರರೊಬ್ಬರು ಇದ್ದರು. ಅವರು ಸತ್ತ ದಿನ ಅವರ ಮನೆಯ ಮುಂದೆ ನಿಂತಿದ್ದವರು 'ಶಿವೈಕ್ಯರಾದರು' ಅಂದರು. ಬಾವಿಯ ಹತ್ತಿರ ಬಿಂದಿಗೆ ಇಳಿಸುತ್ತಿದ್ದ ಹೆಂಗಸರು 'ತೀರ್ಕಂಡ್ರಂತೆ' ಅಂದರು. ಅವರದೇ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಆಳುಗಳು ಸೊಂಟ ನೆಟ್ಟಗೆ ಮಾಡಿಕೊಂಡು, 'ಅಂತೂ ಗೊಟಕ್ಕಂದ ಕಣ್ಲಾ' ಅಂದರು. ಒಬ್ಬನೇ ಮನುಷ್ಯ, ಒಂದೇ ಸಾವು. ಅವರು ಹೇಗೆ ಬಾಳಿದರು ಅಂತ ತಿಳಿಯುವುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಇರಲಿ, ನಾನು ಹೋಟೆಲಿನ ವಿಷಯ ಹೇಳಬೇಕಾಗಿತ್ತು.

ಐವತ್ತಾರರಲ್ಲಿ ಕೊಳ್ಳೇಗಾಲ ಸೀಮೆ ಮದ್ರಾಸಿನಿಂದ ಬಿಟ್ಟು ಮೈಸೂರಿಗೆ ಸೇರಿತಲ್ಲ, ಅದಾದ ಒಂದೆರಡು ವರ್ಷಕ್ಕೆ ನನಗೆ ಮೇಷ್ಟ್ರ ಕೆಲಸ ಸಿಕ್ಕಿ ಹನೂರಿನಾಚೆ ಅಜ್ಜೀಪುರಕ್ಕೆ ಹಾಕಿದರು. ಹೊನ್ನೂರಿನಿಂದ ಕೊಳ್ಳೇಗಾಲ ಎಷ್ಟು ಮಹಾ ದೂರ? ಆದರೂ ಅಲ್ಲಿಯತನಕ ನಮಗೆ ಅದು ಬೇರೆ ರಾಜ್ಯ. ಕೊಳ್ಳೇಗಾಲದ ಕಡೆಯವರ ನಾಲಗೆಯ ಮೇಲೆ ಕನ್ನಡದ ಜೊತೆಗೆ ತಮಿಳೂ ಆಡುತ್ತಿತ್ತು. ನಮಗೆ ಯಳಂದೂರಿನವರಿಗೆ ತಮಿಳಿನ ಗಂಧವಿಲ್ಲ. ನಾನು ಟ್ರಂಕು ಹಾಸಿಗೆ ಹೊತ್ತು ಅಜ್ಜೀಪುರದಲ್ಲಿ ಇಳಿದಾಗ ನನ್ನ ಹತ್ತಿರ ಇದ್ದ ತಮಿಳು 'ವಾಂಗೊ', 'ಪೋಂಗೊ' ಎರಡೇ ಮಾತು, ಬನ್ನಿ ಮತ್ತು ಹೋಗಿ. ಅವನ್ನೂ ಅದಲುಬದಲು ಮಾಡುತ್ತಿದ್ದೆ.

ಬಸ್ಸು ನಿಲ್ಲುವ ಕಡೆ ಒಂದು ಸೋಗೆಯ ಮಾಡು, ಎರಡು ಬೆಂಚು. ಅದೇ ಪುಟ್ಟಮಾದಮ್ಮನ ಹೋಟೆಲು. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಮುದ್ದೆ ಸಾರು. ಗಂಡ ಗಾಡಿ ಹೂಡಿಕೊಂಡು ಹೋದರೆ ಎರಡು ದಿನ ಮೂರು ದಿನ ಬರುತ್ತಿರಲಿಲ್ಲ. ಆಕೆಗೆ ಆಗ ನಲವತ್ತರ ಹತ್ತಿರ. ನನಗೆ ಇಪ್ಪತ್ತೆರಡು. ನಾನು ಅಕ್ಕಾ ಅನ್ನುತ್ತಿದ್ದೆ, ಆಕೆ ಮೇಷ್ಟ್ರೇ ಅನ್ನುತ್ತಿದ್ದಳು. ಮೂರು ಹೊತ್ತೂ ಆಕೆಯ ಕೈಯಡುಗೆಯೇ ನನ್ನನ್ನು ಸಾಕಿದ್ದು. ಆಕೆ ಹುಟ್ಟಿದ್ದು ಗೋಪಿನಾಥಂನಲ್ಲಿ, ಪರಸೆ ಸೇರುವ ದೇವರ ಬೆಟ್ಟದಿಂದಲೂ ಆಚೆ, ಕಾಡು ದಾಟಿ ತಮಿಳುನಾಡಿನ ಗಡಿಯ ಹತ್ತಿರ. ಉಪಚಾರಕ್ಕೆ ಕನ್ನಡ, ಸಿಟ್ಟಿಗೆ ತಮಿಳು ಅಂತ ಆಕೆ ಎರಡು ಭಾಷೆಯನ್ನೂ ಅಚ್ಚುಕಟ್ಟಾಗಿ ಹಂಚಿಟ್ಟಿದ್ದಳು. ಒಲೆ ಹೊಗೆಯಾಡಿದರೆ ತಮಿಳು, ಗಿರಾಕಿ ಬಂದರೆ ಕನ್ನಡ.

ಆಕೆಯ ತಾಯಿ ಗೋಪಿನಾಥಂನಲ್ಲೇ ಮಗನ ಜೊತೆ ಇದ್ದಳು. ತಾಯಿಯ ಸುದ್ದಿ ಬಂದರೆ ಪುಟ್ಟಮಾದಮ್ಮ ಇಡ್ಲಿ ಬಡಿಸುವುದನ್ನೂ ಮರೆತು ಮಾತಾಡುತ್ತಿದ್ದಳು.

"ನಮ್ಮವ್ವಂಗೆ ತವರೇ ಇಲ್ಲ ಕಣ್ರಿ ಮೇಷ್ಟ್ರೇ. ಕಾವೇರಿ ನುಂಗ್ಕಂಡದೆ."

ಮೊದಲು ನನಗೆ ಅರ್ಥವಾಗಲಿಲ್ಲ. ಆಮೇಲೆ ಆಕೆಯೇ ಬಿಡಿಸಿ ಹೇಳಿದಳು. ಮೇಟೂರಿನಲ್ಲಿ ಅಣೆಕಟ್ಟೆ ಕಟ್ಟಿದಾಗ ಹಿಂದಿನ ಊರುಗಳೆಲ್ಲ ಮುಳುಗಿದವಂತೆ. ಅವುಗಳಲ್ಲಿ ತಾಯಿಯ ತವರೂ ಒಂದು. ಬೇಸಿಗೆ ತೀರಾ ಬಿರುಸಾದ ವರ್ಷ ನೀರು ಇಳಿದು, ಗೋಡೆಯ ಬುಡ, ಒರಳುಕಲ್ಲು, ಗುಡಿಯ ಕಲ್ಲುಕಂಬ ಎಲ್ಲ ಕೆಸರಿನಿಂದ ಮೇಲೆದ್ದು ಕಾಣುತ್ತವಂತೆ. ಹಳಬರು ಗುಂಪು ಕಟ್ಟಿಕೊಂಡು ಹೋಗಿ, ಇದು ನಮ್ಮ ಮನೆ, ಇದು ನಿಮ್ಮ ಮನೆ ಅಂತ ನೋಡಿ ಬರುತ್ತಾರಂತೆ.

"ಬ್ಯಾಸ್ಗೆ ಬಂದ್ರೆ ಸಾಕು, ಒಂದ್ಸಲ ಕರ್ಕಂಡೋಗ್ರಪ್ಪಾ, ನಮ್ಮನೆ ಒಳ್ಕಲ್ಲ ಮುಟ್ಬುಟ್ಟು ಬತ್ತೀನಿ ಅಂತಾಳೆ. ಯಾರಿಗದೆ ಪುರುಸೊತ್ತು? ನಾನೂ ಕರ್ಕಂಡೋಗ್ಲಿಲ್ಲ" ಅನ್ನುತ್ತಿದ್ದಳು. ಆ 'ನಾನೂ' ಅನ್ನುವಾಗ ದನಿ ಇಳಿಯುತ್ತಿತ್ತು.

ನಾನು ಅಜ್ಜೀಪುರಕ್ಕೆ ಹೋದ ಎರಡನೆಯ ಬೇಸಿಗೆ. ಬೆಳಗಿನ ಶಾಲೆ ಮುಗಿಸಿ ಹೋಟೆಲಿನ ಮುಂದಿನ ಬೆಂಚಿನಲ್ಲಿ ಕೂತಿದ್ದೆ. ಪುಟ್ಟಮಾದಮ್ಮ ಹನೂರು ಸಂತೆಗೆ ಹೋಗಿದ್ದಳು. ಬೆಟ್ಟದ ಕಡೆಯಿಂದ ಬಿದಿರು ತುಂಬಿದ ಲಾರಿಯೊಂದು ಬಂತು. ಬಿದಿರಿನ ಮೇಲೆ ಒಬ್ಬ ಕೂತಿದ್ದ. ತಿರುವಿನಲ್ಲಿ ಲಾರಿ ನಿಧಾನವಾದಾಗ ಅವನು ಹೋಟೆಲಿನ ಮುಚ್ಚಿದ ತಟ್ಟಿ ನೋಡಿ, ನನ್ನನ್ನು ನೋಡಿ, ಕೂಗಿದ.

"ಪುಟ್ಟಮಾದಮ್ಮಾಕಿಟ್ಟೆ ಸೊಲ್ಲಿಡುಂಗೊ ಸಾರ್! ಅವಂಗ ಅಮ್ಮಾ ತವರಿಟ್ಟಾಂಗ!"

ಮುಂದೆ ಏನೋ ಅಂದ, ಲಾರಿಯ ಸದ್ದಿನಲ್ಲಿ ಕೇಳಿಸಲಿಲ್ಲ. ನಾನು ಎದ್ದು ನಿಂತು ಕೈ ಬೀಸಿ "ಸರಿ, ಸರಿ!" ಅಂದೆ. ಅವನು ಎದೆಯ ಮೇಲೆ ಕೈಯಿಟ್ಟು ತಲೆಯಾಡಿಸಿದ. ಲಾರಿ ಹೋಯಿತು. ಅವನ ಮುಖದಲ್ಲಿ ನಗು ಇರಲಿಲ್ಲ. ಅದನ್ನು ನಾನು ನೋಡಿದೆ, ನೋಡಿಯೂ ನನ್ನ ಮರದ ತಲೆಗೆ ಏನೂ ಹೊಳೆಯಲಿಲ್ಲ.

ಹೊಳೆಯದೆ ಇದ್ದದ್ದಕ್ಕೆ ಕಾರಣ ಜಂಬ. ತಮಿಳು ಅರ್ಥವಾಯಿತಲ್ಲ ಅನ್ನುವ ಜಂಬ! ಸೊಲ್ಲಿಡುಂಗೊ ಅಂದರೆ ಹೇಳಿಬಿಡಿ. ಅಮ್ಮ ಅಂದರೆ ಅಮ್ಮ. ತವರು ಅಂದರೆ ತವರು. ಇಟ್ಟಾಂಗ ಅಂದರೆ ಹೋಗಿದ್ದಾಳೆ ಅಂತಲೇ ಇರಬೇಕು, ಇನ್ನೇನು? ಇಷ್ಟೇನಾ ತಮಿಳು, ಇದಕ್ಕೆ ಇಷ್ಟು ದಿನ ಹೆದರಿದೆನಲ್ಲಾ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಸಂಜೆ ಪುಟ್ಟಮಾದಮ್ಮ ತಲೆಯ ಮೇಲೆ ಕುಕ್ಕೆ ಹೊತ್ತು ಬಸ್ಸಿನಿಂದ ಇಳಿದಳು. ನಾನು ಎದುರಿಗೇ ಹೋದೆ.

"ಅಕ್ಕಾ, ಒಳ್ಳೆ ಸುದ್ದಿ! ನಿಮ್ಮವ್ವ ತವರಿಗೆ ಹೋಗಿದ್ದಾರಂತೆ."

ಈ ಸಾಲನ್ನು ಬರೆಯುವಾಗ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಒಳ್ಳೆ ಸುದ್ದಿ ಅಂದೆ.

ಆಕೆ ಕುಕ್ಕೆ ಇಳಿಸಿದಳು. "ನಿಜ್ವಾ? ಯಾರಂದ್ರು?"

"ಬಿದಿರಿನ ಲಾರಿಯವನು. ನನ್ನ ಕೈಲೇ ಹೇಳಿ ಹೋದ."

"ಅಯ್ ನಮ್ಮವ್ವಾ!" ಅಂದು ಆಕೆ ಎರಡು ಕೈಯಲ್ಲೂ ಕೆನ್ನೆ ಹಿಡಿದುಕೊಂಡು ನಕ್ಕಳು. "ಈ ಸಲ ನೀರು ಬತ್ತೋಗದೆ ಅಂತ ಸಂತೇಲೂ ಅಂತಿದ್ರು. ನನ್ ತಮ್ಮಂಗೆ ಅಂತೂ ಬುದ್ಧಿ ಬಂತು, ಕರ್ಕಂಡೋಗವ್ನೆ. ಒಳ್ಕಲ್ಲ ಮುಟ್ಟಿರ್ತಾಳೆ ನೋಡಿ ಮೇಷ್ಟ್ರೇ, ಇಷ್ಟೊತ್ಗೆ ಮುಟ್ಟಿರ್ತಾಳೆ."

ಮಾರನೆಯ ದಿನ ನನ್ನ ಎಲೆಗೆ ಎರಡು ಇಡ್ಲಿ ಜಾಸ್ತಿ ಬಿತ್ತು, ಮೇಲೆ ತುಪ್ಪ. ಬಂದ ಗಿರಾಕಿಗಳಿಗೆಲ್ಲ ಇದೇ ಸುದ್ದಿ. ಡ್ರೈವರಿಗೆ, ಕಂಡಕ್ಟರಿಗೆ, ಹಾಲಿನವನಿಗೆ, ಬೆಟ್ಟಕ್ಕೆ ಹೊರಟ ಪರಸ್ಥಳದ ಜನಕ್ಕೂ. "ನಮ್ಮವ್ವ ತವರಿಗೋಗವ್ಳೆ." ಮೂರು ದಿನ ಆಕೆ ಒಲೆಯನ್ನೂ ಬೈಯಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಆಕೆಯ ತಮ್ಮ ಬಂದ. ನಾನು ಇಡ್ಲಿ ಮುರಿಯುತ್ತಿದ್ದೆ. ಅವನ ತಲೆ ನುಣ್ಣಗೆ ಬೋಳಿಸಿತ್ತು. ಪುಟ್ಟಮಾದಮ್ಮ ಆ ತಲೆಯನ್ನು ನೋಡಿ ಬಡಿಸುವ ಕೈಯನ್ನು ಹಾಗೇ ಹಿಡಿದಳು.

"ಯಾಕಕ್ಕಾ ಬರ್ಲಿಲ್ಲ?" ಅವನು ನಿಂತಲ್ಲೇ ಅತ್ತ. "ಮಾರ್ನೆ ದಿನ ಒತ್ತು ಮುಳುಗೋಗಂಟ ಮಡೀಕಂಡಿದ್ವಿ. ಅಕ್ಕ ಬತ್ತಾಳೆ, ಅಕ್ಕ ಬತ್ತಾಳೆ ಅಂತ ದಾರಿ ನೋಡುದ್ವಿ. ಲಾರಿಲಿ ಬಂದೋನು ಮೇಷ್ಟ್ರಿಗೆ ಯೋಳಿವ್ನಿ ಅಂದ."

ಎಲ್ಲರೂ ನನ್ನ ಕಡೆ ತಿರುಗಿದರು. ಪುಟ್ಟಮಾದಮ್ಮನೂ ತಿರುಗಿದಳು.

"ಅವನೇನಂದ ಮೇಷ್ಟ್ರೇ? ಅವನಂದಂಗೇ ಯೋಳಿ."

ನನ್ನ ಬಾಯಲ್ಲಿ ಇಡ್ಲಿ ಇತ್ತು. "ಅಮ್ಮಾ ತವರಿಟ್ಟಾಂಗ ಅಂದ" ಅಂದೆ.

ತಮಿಳಿನಲ್ಲಿ ತವರು ಅಂದರೆ ತಪ್ಪುವುದು, ಕೈ ಜಾರುವುದು. ತವರಿಟ್ಟಾಂಗ ಅಂದರೆ ನಮ್ಮ ಕೈ ತಪ್ಪಿಹೋದರು, ತೀರಿಕೊಂಡರು. ಸತ್ತರು ಅನ್ನುವುದಕ್ಕೆ ಬಾಯಿ ಬಾರದೆ ಆ ಲಾರಿಯವನು ಮೆತ್ತನೆಯ ಮಾತೊಂದನ್ನು ಆರಿಸಿಕೊಂಡಿದ್ದ. ನಾನು ಅದಕ್ಕೆ ನಮ್ಮ ತವರುಮನೆಯ ಅರ್ಥ ಕೊಟ್ಟು ಆಕೆಗೆ ಒಪ್ಪಿಸಿದ್ದೆ.

ಪುಟ್ಟಮಾದಮ್ಮ ಮೊದಲು ಅಳಲಿಲ್ಲ. ಸೌಟನ್ನು ಪಾತ್ರೆಯೊಳಗೆ ಇಟ್ಟು, ನನ್ನ ಎದುರು ಬಂದು ನಿಂತಳು. ಸಿಟ್ಟಿಗೆ ತಮಿಳು ಅಂದೆನಲ್ಲ, ಅವತ್ತು ಕನ್ನಡದಲ್ಲೇ ಬೈದಳು.

"ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ಬೇಕು. ನಿಮ್ಮನ್ಯಾರು ಅರ್ಥ ಕೇಳಿದ್ರು? ಅವನಂದ ಮಾತ ಅವನಂದಂಗೇ ತಂದು ನನ್ ಕೈಗೆ ಆಕಿದ್ರೆ ಸಾಕಾಗಿತ್ತಲ್ಲ ಮೇಷ್ಟ್ರೇ! ನಾನು ನಮ್ಮವ್ವನ ಮುಖ ನೋಡ್ಲಿಲ್ವಲ್ಲ! ಮುಖ ನೋಡ್ಲಿಲ್ಲ ನಾನು!"

ಆಮೇಲೆ ಅಲ್ಲೇ ನೆಲದ ಮೇಲೆ ಕೂತು ಅತ್ತಳು. ನಾನು ಎಲೆಯನ್ನೂ ಎತ್ತದೆ ಎದ್ದು ಬಂದೆ.

ಒಂದು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಶಾಲೆಯ ಹಿಂದಿನ ಕೋಣೆಯಲ್ಲಿ ಮೂರು ಕಲ್ಲು ಹೂಡಿ ನಾನೇ ಬೇಯಿಸಿಕೊಂಡೆ. ಮೇಲೆ ಅಕ್ಕಿ, ಕೆಳಗೆ ಇದ್ದಿಲು, ಹಾಗಿತ್ತು ನನ್ನ ಅನ್ನ. ಅಜ್ಜೀಪುರಕ್ಕೆಲ್ಲ ನನ್ನ ತಮಿಳಿನ ಪ್ರತಾಪ ಗೊತ್ತಾಗಿತ್ತು. ಒಂದು ದಿನ ತರಗತಿಯಲ್ಲಿ 'ಮರಣ ಹೊಂದಿದನು' ಅನ್ನುವುದಕ್ಕೆ ಬೇರೆ ಮಾತು ಹೇಳಿ ಅಂತ ಮಕ್ಕಳನ್ನು ಕೇಳಿದೆ. ನನಗೆ ಬುದ್ಧಿ ಬೇಡವೇ? ಕಣ್ಮುಚ್ಕಂಡ, ಉಸುರು ಬುಟ್ಟ, ನೆಗೆದುಬಿದ್ದ ಅಂತ ಒಬ್ಬೊಬ್ಬರೂ ಹೇಳಿದರು. ಹಿಂದಿನ ಸಾಲಿನ ಒಂದು ಪುಟ್ಟ ಹುಡುಗಿ ಎದ್ದು ನಿಂತು, ಪಾಪ ಏನೂ ಕಪಟವಿಲ್ಲದೆ, "ತವರಿಟ್ಟಾಂಗ ಸಾ" ಅಂದಳು. ಇಡೀ ತರಗತಿ ತುಟಿ ಕಚ್ಚಿಕೊಂಡು ಕೂತಿತು. ನಾನು ಸರಿ ಕೂತ್ಕೋ ಅಂದೆ.

ಅದೇ ವಾರ ಪುಟ್ಟಮಾದಮ್ಮ ಹಾಲಿನವನ ಕೈಯಲ್ಲಿ ಹೇಳಿಕಳಿಸಿದಳು. "ಮೇಷ್ಟ್ರು ಸೀದ ಅನ್ನ ತಿಂದು ಒಣಗೋಯ್ತಾವ್ರಂತೆ. ಬಂದು ಉಣ್ಣಕ್ಕೆ ಯೋಳು." ಹೋದೆ. ತಲೆ ಎತ್ತದೆ ಉಂಡೆ. ತಪ್ಪಾಯಿತು ಅಕ್ಕಾ ಅನ್ನುವುದಕ್ಕೆ ಬಾಯಿ ತೆರೆದರೆ, "ಮುದ್ದೆ ಆರೋಯ್ತದೆ, ಉಣ್ಣಿ" ಅಂದಳು.

ತುಂಬ ದಿನಗಳಾದ ಮೇಲೆ, ಗಿರಾಕಿ ಇಲ್ಲದ ಒಂದು ಮಧ್ಯಾಹ್ನ, ತಾನಾಗೇ ಆ ಮಾತು ತೆಗೆದಳು. "ನಿಮ್ಮ ಮೇಲೆ ಸಿಟ್ಟಿಲ್ಲ ಮೇಷ್ಟ್ರೇ, ಅದು ಅವತ್ತಿಗೇ ಓಯ್ತು. ಆದ್ರೆ ಆ ಮೂರು ದಿನ ನಾನು ನಗ್ತಾ ಇದ್ನಲ್ಲ, ಅದು ನೆಪ್ಪಾದ್ರೆ ಬಾಳಾ ನಾಚ್ಕೆ ಆಯ್ತದೆ. ನಮ್ಮವ್ವ ಮಣ್ಣಲ್ಲವ್ಳೆ, ನಾನು ಇಲ್ಲಿ ಬಂದೋರ್ಗೆಲ್ಲಾ ಯೋಳ್ಕಂಡು ನಗ್ತಾವ್ನಿ."

ಸಮಾಧಾನದ ಮಾತುಗಳು ನನಗೆ ಬೇಕಾದಷ್ಟು ಗೊತ್ತಿದ್ದವು. ಒಂದೂ ಆಡಲಿಲ್ಲ. ಅವತ್ತಿಗೆ ಮೆತ್ತನೆಯ ಮಾತಿನ ಮೇಲೆ ನನಗೆ ಭಯ ಹುಟ್ಟಿಬಿಟ್ಟಿತ್ತು.

ಆ ಮಾತುಗಳನ್ನು ನಾನು ಹಳಿಯುತ್ತೇನೆ ಅಂತ ತಿಳಿಯಬೇಡಿ. ಶಿವನ ಪಾದ, ಲಿಂಗೈಕ್ಯ, ಕಣ್ಣು ಮುಚ್ಚಿಕೊಂಡದ್ದು, ಕೈ ತಪ್ಪಿದ್ದು, ಎಲ್ಲವೂ ಚೆಂದ. ಸತ್ತವರ ಮೇಲಿನ ಪ್ರೀತಿಯಿಂದ, ಕೇಳುವವರ ಮೇಲಿನ ಕರುಣೆಯಿಂದ ಹುಟ್ಟಿದ ಮಾತುಗಳು. ನಮ್ಮಜ್ಜಿ ಅವನ್ನು ಕಾಪಾಡಿದ ಹಾಗೆ ಬೆಳ್ಳಿಯ ಬಟ್ಟಲನ್ನೂ ಕಾಪಾಡಲಿಲ್ಲ. ಆದರೆ ಮುಚ್ಚಿ ಹೇಳಿದ ಮಾತು ಮುಟ್ಟಬೇಕಾದರೆ, ಮುಚ್ಚಳದ ಕೆಳಗೆ ಏನಿದೆ ಅಂತ ಕೇಳುವವನಿಗೂ ಗೊತ್ತಿರಬೇಕು. ನನ್ನಂಥ ಪೆದ್ದ ನಡುವೆ ನಿಂತರೆ ಕರುಣೆಯೇ ಕೆಡುಕಾಗುತ್ತದೆ. ಅದಕ್ಕೇ ನನಗೆ ಆ 'ಎಲ್ಲಿಗೆ?' ಅನ್ನುವ ಚಾಳಿ ಅಂಟಿಕೊಂಡದ್ದು. ಹೆಂಡತಿಗೆ ಎಷ್ಟೋ ಸಲ ಹೇಳಿದ್ದೇನೆ. ಅವಳು ಕೇಳಿಸಿಕೊಂಡು, "ಆದರೂ ಕೇಳೋದಕ್ಕೊಂದು ರೀತಿ ಇದೆ" ಅನ್ನುತ್ತಾಳೆ. ಅದೂ ನಿಜ.

ಇದಾಗಿ ಹತ್ತು ವರ್ಷದ ಮೇಲೆ ನಡೆದದ್ದನ್ನು ಹೇಳಿ ಮುಗಿಸುತ್ತೇನೆ. ನನಗೆ ಮದುವೆಯಾಗಿ, ಹೆಂಡತಿ ಮಕ್ಕಳನ್ನು ಕೊಳ್ಳೇಗಾಲದಲ್ಲಿ ಮನೆ ಮಾಡಿ ಇರಿಸಿ, ನಾನು ಅಜ್ಜೀಪುರದಲ್ಲೇ ಕೆಲಸದಲ್ಲಿದ್ದೆ. ಅವ್ವ ಹೊನ್ನೂರಿನಲ್ಲಿ ಅಣ್ಣನ ಮನೆಯಲ್ಲಿ ಗಟ್ಟಿಯಾಗಿದ್ದಳು. ಹಿಂದಿನ ಭಾನುವಾರ ಹೋದಾಗ ನನ್ನ ಷರಟಿನ ಗುಂಡಿ ಹೊಲಿದುಕೊಟ್ಟಿದ್ದಳು.

ಒಂದು ಬೆಳಿಗ್ಗೆ ನಾನು ಬೋರ್ಡಿನ ಮೇಲೆ ಮಗ್ಗಿ ಬರೆಯುತ್ತಿದ್ದೆ. ಬಾಗಿಲಲ್ಲಿ ಪುಟ್ಟಮಾದಮ್ಮ ಬಂದು ನಿಂತಳು. ಅಷ್ಟು ವರ್ಷದಲ್ಲಿ ಆಕೆ ಶಾಲೆಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಕೈಯಲ್ಲಿ ಹಿಟ್ಟು ಹಾಗೇ ಇತ್ತು.

"ಮೇಷ್ಟ್ರೇ, ನಿಮ್ಮವ್ವ ಸತ್ತೋದ್ರು."

ಮಕ್ಕಳು ಮಗ್ಗಿ ಹೇಳುತ್ತಿದ್ದದ್ದು ನಿಂತಿತು.

"ಉಷಾರಿಲ್ಲ, ನಿಧಾನುಕ್ಕೆ ಬರ್ಬೇಕಂತೆ ಅಂತ ಯೋಳು ಅಂದ ಕೊಳ್ಳೇಗಾಲದ ಬಸ್ಸಿನ ಕಂಡಕ್ಟ್ರು. ಉಷಾರಿಲ್ಲ ಅಂದ್ರೇನ್ಲಾ, ನೆಟ್ಟಗೆ ಯೋಳು ಅಂತ ಅವನ ಕೊಳಪಟ್ಟಿ ಇಡ್ಕಂಡೆ. ಸತ್ತೋಗವ್ರೆ. ಬೆಳಗಿನ ಜಾವ್ದಲ್ಲಿ. ನಿಮ್ಮಣ್ಣ ಕೊಳ್ಳೇಗಾಲಕ್ಕೆ ಆಳು ಕಳ್ಸಿ ಸುದ್ದಿ ಮುಟ್ಸವ್ರೆ. ಒತ್ತು ಮುಳುಗೋಕೆ ಮುಂಚೆ ಮಣ್ಣು ಮಾಡ್ತಾರಂತೆ. ಬೆಟ್ಟದಿಂದ ಬಂದ ಬಸ್ಸ ನಿಲ್ಲಿಸ್ಬುಟ್ಟು ಬಂದಿವ್ನಿ, ಎದ್ದು ಬನ್ನಿ."

ಉಷಾರಿಲ್ಲ ಅಂತಷ್ಟೇ ಕೇಳಿದ್ದರೆ ನಾನು ಪಾಠ ಮುಗಿಸಿ, ರಜಾ ಚೀಟಿ ಬರೆದು, ಸಂಜೆಯ ಬಸ್ಸಿಗೆ ಹೋಗುತ್ತಿದ್ದೆ. ಖಂಡಿತ ಹಾಗೇ ಮಾಡುತ್ತಿದ್ದೆ. ಆಕೆ ಒಳಗೆ ಬಂದು, ನನ್ನ ಕೈಯಿಂದ ಸೀಮೆಸುಣ್ಣ ತೆಗೆದು ಮೇಜಿನ ಮೇಲಿಟ್ಟು, ತೋಳು ಹಿಡಿದು ನಡೆಸಿಕೊಂಡು ಹೋದಳು. ರಸ್ತೆಯಲ್ಲಿ ಬಸ್ಸು ನಿಂತಿತ್ತು. ಡ್ರೈವರು ಹಾರನ್ನು ಹೊಡೆಯದೆ ಸುಮ್ಮನೆ ಕೂತಿದ್ದ. ನಾನು ಹತ್ತಿ ಕಿಟಕಿಯ ಪಕ್ಕ ಕೂತಾಗ ಆಕೆ ಕೆಳಗೆ ನಿಂತು ಸರಳು ಹಿಡಿದುಕೊಂಡಳು.

"ಮುಖ ನೋಡಿ ಮೇಷ್ಟ್ರೇ. ಬಾಳೊತ್ತು ನೋಡಿ. ಅವಸರ ಮಾಡುದ್ರೆ ಬುಡಬ್ಯಾಡಿ. ನನ್ ಪಾಲಿಂದೂ ಸೇರ್ಸಿ ನೋಡ್ಕಂಡ್ ಬನ್ನಿ."

ಕೊಳ್ಳೇಗಾಲದಲ್ಲಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಯಳಂದೂರು ಬಸ್ಸು ಹಿಡಿದೆ. ಹೊನ್ನೂರು ಸೇರಿದಾಗ ಮಧ್ಯಾಹ್ನ ಇಳಿದಿತ್ತು. ಅವ್ವನಿಗೆ ಸ್ನಾನ ಮಾಡಿಸಿ, ಹಣೆಗೆ ವಿಭೂತಿ ಹಚ್ಚಿ, ನಡುಮನೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಜನ ಜರುಗಿ ಜಾಗ ಬಿಟ್ಟರು. ಅಣ್ಣ ನನ್ನನ್ನು ತಬ್ಬಿಕೊಂಡು, "ಅವ್ವ ಬುಟ್ಟೋದ್ಲು ಕಣಪ್ಪಾ" ಅಂದ.

ನಾನು ಅವ್ವನ ಎದುರಿಗೆ ಕೂತು ಮುಖ ನೋಡಿದೆ. ಎಡ ಹುಬ್ಬಿನ ಮೇಲೆ ಒಂದು ಸಣ್ಣ ಗಾಯದ ಗುರುತು. ಅದು ಯಾವಾಗ ಆದದ್ದು ಅಂತ ನಾನು ಒಂದು ದಿನವೂ ಕೇಳಿರಲಿಲ್ಲ. ಒಂದು ಕಿವಿಯ ತೂತು ಜಗ್ಗಿತ್ತು. ಗಲ್ಲದ ಮೇಲೆ ಒಂದು ಬಿಳಿ ಕೂದಲು. ಅತ್ತೆ. ಅತ್ತು ಒರೆಸಿಕೊಂಡು ಮತ್ತೆ ನೋಡಿದೆ. ಹೊರಗೆ ಯಾರೋ ಹೊತ್ತಾಯಿತು ಅಂದರು. ಅಣ್ಣ ನನ್ನ ಭುಜ ಮುಟ್ಟಿದ.

"ಏಳಪ್ಪಾ, ಎತ್ತಬೇಕು. ನೋಡ್ದಲ್ಲ."

"ಇನ್ನೊಂಚೂರು ತಡಿ ಅಣ್ಣಾ" ಅಂದೆ. "ನಂದಾಯ್ತು. ಇನ್ನೊಬ್ಬರು ನೋಡೋದು ಬಾಕಿ ಅದೆ."

ಅಣ್ಣ ಎತ್ತುವವರಿಗೆ ತಡೆಯಿರಿ ಅಂತ ಕೈಸನ್ನೆ ಮಾಡಿ, ಇನ್ನು ಯಾರು ಬರಬೇಕು ಅಂತ ಬಾಗಿಲ ಕಡೆ ನೋಡುತ್ತಾ ನಿಂತ.